ಹೊಸ ಹೋತಕ್ಕೆ ಹಳೆಯ ಗಂಟೆ

ಅಕ್ಕಾ, ನನ್ನ ಮಾಳಕ್ಕಾ,

ನಿನಗೆ ಕಾಗದ ಬರೆಯುವ ಪ್ರಸಂಗ ಹಿಂದೆ ಎಂದೂ ಬಂದಿರಲಿಲ್ಲ. ನಿಲಂಗಾದ ನಮ್ಮ ಕೋಣೆಯ ಹೊಸ್ತಿಲಲ್ಲಿ ನಿಂತು, ಚಪ್ಪಲಿ ಬಿಡುತ್ತ, “ಸಿದ್ಯಾ, ಇವತ್ತ್ ಯಾರ್ ಮ್ಯಾಲ ಸಿಟ್ಟ್ ಬಂದದ?” ಎಂದು ನೀನು ಕೇಳುತ್ತಿದ್ದೆ. ಚಪ್ಪಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ ನಾನು ಹೇಳುವುದನ್ನೆಲ್ಲ ಹೇಳಿ ಮುಗಿಸಿರುತ್ತಿದ್ದೆ. ನೀನು ಹೋಗಿ ಮೂರು ವರ್ಷವಾಯಿತು. ಸಿಟ್ಟು ಹಾಗೇ ಇದೆ, ಹಾಗೆ ಕೇಳುವವರಿಲ್ಲ. ಈ ದಸರೆಯಲ್ಲಿ ಒಂದು ಘಟನೆ ನಡೆಯಿತು. ನೀನು ಬರೆದ ಕಂಪ್ಯೂಟರ್ ಪ್ರೋಗ್ರಾಮಿಗೆ, ನಿನ್ನ ದನಿಗೆ, ನಿನ್ನ ತಮ್ಮನ ಮಗಳು ಲಕ್ಕವ್ವನಿಗೆ ಸಂಬಂಧಿಸಿದ್ದು. ನಿನಗೆ ಹೇಳದೆ ಇನ್ನು ಯಾರಿಗೆ...

ಉದಗೀರದ ಟೈಪಿಂಗ್ ಕ್ಲಾಸಿನಿಂದಲೇ ಶುರುಮಾಡುತ್ತೇನೆ. ಕೋಟೆಯ ಕಡೆ ಹೋಗುವ ರಸ್ತೆಯ ಆ ಮಹಡಿಯಲ್ಲಿ ಎಲ್ಲ ಮೆಷಿನುಗಳೂ ಒಟ್ಟಿಗೆ ಬಡಿದರೆ ತಗಡಿನ ಪತ್ರಾಸಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಆಗುತ್ತಿತ್ತು. ಭೂಕಂಪವಾಗಿ ವರ್ಷವೂ ತುಂಬಿರಲಿಲ್ಲ. ನೆಲ ನಡುಗಿತೆಂದು ಹೆದರಿ ಒಂದು ದಿನ ನಾನು ಮೆಟ್ಟಿಲಿಳಿದು ಓಡಿಬಿಟ್ಟಿದ್ದೆ. ನೀನು ಕೆಳಗೆ ಬಂದು ಬೈಯಲಿಲ್ಲ, ಚಹಾ ಕುಡಿಸಿ ಮೇಲೆ ಕರೆದುಕೊಂಡು ಹೋದೆ. ಗುಂಜೋಟಿಯ ಹುಡುಗನಾದ ನನಗೆ ಮರಾಠಿ ಟೈಪಿಂಗ್ ಕಲಿಸಿದೆ, ಬಿಡುವಿನಲ್ಲಿ ಕನ್ನಡದ ಅಕ್ಷರ ತಿದ್ದಿಸಿದೆ. “ಮನ್ಯಾಗ ಕನ್ನಡ, ಸಾಳ್ಯಾಗ ಮರಾಠಿ. ಬೈಯೋದ್ ಮಾತ್ರ ಎರಡೂದ್ರಾಗ ಬರ್ತದ ನಿನಗ. ಬರಿಯೋದೂ ಎರಡೂದ್ರಾಗ ಬರ್ಲಿ” ಎಂದಿದ್ದೆ. ಕುರಿಗಾರರ ಮನೆಯ ಹೆಂಗಸು ಟೈಪಿಂಗ್ ಕಲಿಸುತ್ತಾಳೆಯೇ ಎಂದು ಕಚೇರಿಯೊಂದರ ಕಾರಕೂನ ನಕ್ಕಾಗ ನೀನು ಎರಡೂ ಕೈಯ ಬೆರಳು ಅವನ ಮುಂದೆ ಚಾಚಿದ್ದು ನೆನಪಿದೆಯೇ? “ಉಣ್ಣಿ ಕತ್ತರಿಸಿದ ಬಟ್ಟ್‌ರೀ ಇವು. ಕುರಿ ಒದ್ಯಾಡ್ತದ, ನಿಮ್ಮ ಮಷೀನ್ ಸುಮ್ಮ ಕುಂತಿರ್ತದ. ಯಾವ್ದ್ ಸುಲಭ ಹೇಳ್ರಿ?”

ಅದೇ ವರ್ಷ ನಿನ್ನ ತಮ್ಮನ ಹೊಸ ಊರಿಗೆ ನನ್ನನ್ನು ಕರೆದುಕೊಂಡು ಹೋಗಿದ್ದೆ. ಉಮರ್ಗಾದಲ್ಲಿ ಬಸ್ಸು ಬದಲಿಸಿ, ಆಮೇಲೆ ಕಾಲ್ನಡಿಗೆ. ಹಳೆಯ ಊರು ಮಣ್ಣು ಕಲ್ಲಿನ ಗುಡ್ಡೆಯಾಗಿತ್ತು. ಹೊಸದು ಬಯಲಿನಲ್ಲಿ ಗೆರೆ ಹೊಡೆದ ಹಾಗೆ. ಮನೆಗಳು ಗಟ್ಟಿಯಾಗಿದ್ದವು, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಆದರೆ ಕುರಿ ಕೂಡುವ ದೊಡ್ಡಿ ಎಲ್ಲಿ? ಹಿಂಡು ಕೆರೆಗೆ ಇಳಿಯುವ ದಾರಿ ಎಲ್ಲಿ? ಗೌಡರ ಓಣಿ, ಬೀರಪ್ಪನ ಗುಡಿ ಓಣಿ ಎಂಬ ಹೆಸರುಗಳೆಲ್ಲ ಹೋಗಿ ಸಾಲಿಗೊಂದು ನಂಬರು ಬಂದಿತ್ತು. ನಿನ್ನ ತಮ್ಮನಿಗೆ ಬಂದ ಮದುವೆಯ ಕರೆಯೋಲೆ ಇಡೀ ಊರು ಸುತ್ತಿ ಲಗ್ನ ಮುಗಿದ ಮೇಲೆ ಕೈಸೇರಿತ್ತು. ಅಳತೆಗೆ ಬಂದಿದ್ದ ಸಾಹೇಬನೊಬ್ಬ, “ಹಳೀ ಊರ್ ಮರ್‍ತ್ ಬಿಡ್ರಿ. ಈಗ ಎಲ್ಲಾ ನವೀನ್ ಆಗ್ಯದ” ಎಂದ. ನೀನು ಅವನ ಎದುರು ನಿಂತು ಹೇಳಿದ ಮಾತನ್ನು ಇಷ್ಟು ವರ್ಷವಾದರೂ ನಾನು ಮರೆತಿಲ್ಲ. “ನವೀನ್ ಬ್ಯಾಡ ಅಂದೇವೇನ್ರಿ ಸಾಹೇಬ್ರ? ಬದಲ್ ಮಾಡ್ರಿ. ಆದ್ರ ಹೇಳಿ ಬದಲ್ ಮಾಡ್ರಿ. ಯಾರ್ ಅದರ್ ಮ್ಯಾಲ ಆತುಕೊಂಡ್ ನಿಂತಾರ ಅಂತ ಒಮ್ಮಿ ನೋಡಿ, ಆಮ್ಯಾಗ ಜಗ್ಗ್ರಿ.”

ಹಿಂತಿರುಗುವಾಗ ಬಸ್ಸಿನಲ್ಲಿ ನೀನು ಗಂಟೆಯ ಕಥೆ ಹೇಳಿದೆ. ಕುರಿ ಹಿಂಡಿನ ಮುಂದೆ ಯಾವಾಗಲೂ ಒಂದು ಹೋತ, ಅದರ ಕೊರಳಿಗೆ ಗಂಟೆ. ಕುರಿಗಳು ಹೋತವನ್ನು ನೋಡುವುದಿಲ್ಲ, ಮುಂದಿನ ಕುರಿಯ ಬೆನ್ನು ಬಿಟ್ಟು ಅವುಗಳಿಗೆ ಏನೂ ಕಾಣುವುದಿಲ್ಲ. ಗಂಟೆಯ ಸದ್ದು ಹಿಡಿದೇ ನಡೆಯುತ್ತವೆ. ಹೋತಕ್ಕೆ ವಯಸ್ಸಾದರೆ ನಿನ್ನ ಅಪ್ಪ ಉದಗೀರದ ಸಂತೆಯಿಂದ ಹೊಸದನ್ನು ತರುತ್ತಿದ್ದರು, ಆದರೆ ಹಳೆಯದನ್ನು ಕೂಡಲೇ ಮಾರುತ್ತಿರಲಿಲ್ಲ. ಒಂದು ಹಂಗಾಮು ಎರಡೂ ಜೊತೆಗೆ ನಡೆಯಬೇಕು, ಎರಡೂ ಗಂಟೆ ಒಟ್ಟಿಗೆ ಬಾರಿಸಬೇಕು. ಹಳೆಯ ಹೋತ ಹಠಾತ್ತನೆ ಸತ್ತರೆ ಅದರ ಗಂಟೆಯನ್ನು ಬಿಚ್ಚಿ ಹೊಸದರ ಕೊರಳಿಗೆ ಕಟ್ಟಬೇಕು. “ಕಾಕಾ ಒಬ್ಬಾಂವ ಹೊಸಾ ಹೋತಕ್ಕ ಹೊಸಾ ಗಂಟಿ ಕಟ್ಟಿ ಶಾಣ್ಯಾ ಆದ. ಹಳ್ಳದಾಗ ಅರ್ಧ ಹಿಂಡ್ ಈಕಡಿ, ಅರ್ಧ ಆಕಡಿ. ಕಾಕಾ ನಡುವ, ಮೊಣಕಾಲ್ ತನಕ ನೀರಾಗ” ಎಂದು ನೀನು ನಕ್ಕಾಗ ಇಡೀ ಬಸ್ಸು ತಿರುಗಿ ನೋಡಿತ್ತು. ಅಂದು ಅದು ಕುರಿಯ ಕಥೆ ಎಂದುಕೊಂಡಿದ್ದೆ.

ಆಮೇಲೆ ಟೈಪ್‌ರೈಟರುಗಳು ಗುಜರಿಗೆ ಹೋದವು, ಕಂಪ್ಯೂಟರುಗಳು ಬಂದವು, ನಾವಿಬ್ಬರೂ ನಿಲಂಗಾದಲ್ಲಿ ಕೋಣೆ ಹಿಡಿದೆವು. ನೀನು ನಲವತ್ತು ದಾಟಿದ ಮೇಲೆ ಪ್ರೋಗ್ರಾಮ್ ಬರೆಯಲು ಕಲಿತೆ. ಯಾಕೆ ಎಂದು ಕೇಳಿದವರಿಗೆ, “ಕುರಿ ಸಾಯ್ಲಿಕತ್ತಾವ, ಅದಕ್ಕ” ಎನ್ನುತ್ತಿದ್ದೆ. ಹಿರೇಬೇನೆ ಬಂದರೆ ಹಿಂಡುಗಟ್ಟಲೆ ಕುರಿಗಳು ಮೂಗು ಸುರಿಸುತ್ತ ಭೇದಿಯಾಗಿ ಬೀಳುತ್ತವೆ. ಲಸಿಕೆ ಇದೆ. ಆದರೆ ಶಿಬಿರದ ಸುದ್ದಿ ಮೊಬೈಲಿಗೆ ಮರಾಠಿ ಅಕ್ಷರದಲ್ಲಿ ಬರುತ್ತಿತ್ತು, ನಮ್ಮ ಕುರಿಗಾರರು ಅದನ್ನು ಓದುವುದು ಹೇಗೆ? ಓದಬಲ್ಲವರಾದರೂ ಬಿಸಿಲಲ್ಲಿ ಹಿಂಡು ಬಿಟ್ಟು ಕಣ್ಣು ಕಿರಿದು ಮಾಡಿ ನೋಡುತ್ತಾರೆಯೇ? ಅದಕ್ಕೆ ನೀನು ಫೋನ್ ಮಾಡಿ ಮಾತಾಡುವ ಪ್ರೋಗ್ರಾಮನ್ನೇ ಬರೆದೆ. ದನಿ ನಿನ್ನದೇ. ವಾರಗಳ ಹೆಸರು, ಊರುಗಳ ಹೆಸರು ಎಲ್ಲವನ್ನೂ ಬಿಡಿಬಿಡಿಯಾಗಿ ಹೇಳಿ ರೆಕಾರ್ಡ್ ಮಾಡಿದೆ. ಯಾವ ಊರು, ಯಾವ ವಾರ ಎಂದು ನಾವು ಆರಿಸಿಕೊಟ್ಟರೆ ಪ್ರೋಗ್ರಾಮು ಅವನ್ನು ಪೋಣಿಸುತ್ತಿತ್ತು. “ನಮಸ್ಕಾರ್ರೀ, ನಾ ಮಾಳಕ್ಕ ಮಾತಾಡ್ಲಿಕತ್ತೀನಿ. ಬೀರಪ್ಪ ನಿಮ್ಮನ್ನ, ನಿಮ್ಮ ಮರಿಗೋಳನ್ನ ಚಂದ ಇಟ್ಟಿರ್ಲಿ. ಕುರಿ ಲಸಿಕಿ ಹಾಕೋರು ಬರ್ತಾರ. ಕಾಸಾರಶಿರಸಿ. ಶುಕ್ರವಾರ.” ಶುಕ್ರವಾರ ಎನ್ನುವ ಮುನ್ನ ನಿನಗೆ ಒಂದು ಸಣ್ಣ ಕೆಮ್ಮು ಬಂದಿತ್ತು. ಮತ್ತೆ ರೆಕಾರ್ಡ್ ಮಾಡೋಣವೆಂದರೆ ನೀನು ಒಪ್ಪಲಿಲ್ಲ. ಕೆಮ್ಮು ಕೇಳಿದ ಕೂಡಲೇ ಶಿಬಿರ ಶುಕ್ರವಾರ ಎಂದು ಕುರಿಗಾರರು ತಿಳಿದುಕೊಳ್ಳುತ್ತಿದ್ದರು.

ನೀನು ಹೋದ ವರ್ಷ ಆ ದನಿಯನ್ನು ಏನು ಮಾಡುವುದು ಎಂದು ನನಗೆ ತೋಚಲಿಲ್ಲ. ಸತ್ತವಳು ಫೋನ್ ಮಾಡಿದರೆ ಜನ ಹೆದರುವುದಿಲ್ಲವೇ? ಕಾಸಾರಶಿರಸಿಯ ಬಸ್ ನಿಲ್ದಾಣದ ಹತ್ತಿರ ಹಿರಿಯ ಕುರಿಗಾರರನ್ನು ಕೂಡಿಸಿ ಕೇಳಿದೆ. ಒಬ್ಬ ಮುದುಕ ಬೀಡಿ ಕೆಳಗಿಟ್ಟು, “ಇದ್ದಾಗ ಬೈದ್ ಬೈದ್ ಕರೀತಿದ್ಳು. ಈಗೂ ಕರೀಲಿ ಬಿಡಪ್ಪ. ಸತ್ತ ಮ್ಯಾಲೂ ಬಿಡಂಗಿಲ್ಲ ಆಕಿ ನಮ್ಮನ್ನ” ಎಂದ. ಎಲ್ಲರೂ ನಕ್ಕರು, ಇಬ್ಬರು ಕಣ್ಣೊರೆಸಿಕೊಂಡರು. ಹೀಗೆ ನಿನ್ನ ಗಂಟೆ ಹಿಂಡಿನ ಮುಂದೆ ಉಳಿಯಿತು.

ಈಗ ಈ ವರ್ಷದ ಖಂಡೇನವಮಿಗೆ ಬರುತ್ತೇನೆ. ನಮ್ಮ ಕೋಣೆಯಲ್ಲಿ ಈಗ ಸಂಗೀತಾ ಎಂಬ ನಿಲಂಗಾದ ಹೆಣ್ಣುಮಗಳು ಕೆಲಸಕ್ಕಿದ್ದಾಳೆ. ಮನೆಮಾತು ಮರಾಠಿ, ಕನ್ನಡವನ್ನು ನಮ್ಮಿಂದ ಕಲಿತಿದ್ದಾಳೆ. ಜಾಣೆ, ಬಾಯಿ ಜೋರು, ನಿನಗೆ ಹಿಡಿಸುತ್ತಿದ್ದಳು. ಕುಡುಗೋಲು, ಕತ್ತರಿ, ಹೊಲಿಗೆ ಯಂತ್ರ ಎಲ್ಲಕ್ಕೂ ಪೂಜೆಯಾಗುವ ದಿನವಲ್ಲವೇ? ಅವಳು ಕಂಪ್ಯೂಟರನ್ನು ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕಿ, ಕೊನೆಗೆ ಒಳಗೂ ಸ್ವಚ್ಛವಾಗಲಿ ಎಂದು ಎಲ್ಲ ಪ್ಯಾಕೇಜುಗಳನ್ನೂ ಒಂದೇ ಏಟಿಗೆ ಅಪ್‌ಡೇಟ್ ಮಾಡಿಬಿಟ್ಟಳು. “ಹಬ್ಬಕ್ಕ ಮನಿಗ್ ಸುಣ್ಣ ಹಚ್ತೀವಿ, ಇದಕ್ಕೂ ಹೊಸಾದ್ ಹಾಕ್ದೆ ಸರ್. ನೋಡ್ರಿ, ಸಗಳಂ, ಎಲ್ಲಾ ಹಸರ್ ಬಂದದ” ಎಂದಳು. ಪರದೆಯ ತುಂಬ ಹಸಿರು ಸಾಲುಗಳು. ನಾನೂ ತಲೆಯಾಡಿಸಿ ಪ್ರಸಾದ ತಿಂದೆ.

ಪ್ಯಾಕೇಜು ಎಂದರೆ ಏನೆಂದು ನೀನೇ ನನಗೆ ವಿವರಿಸಿದ್ದೆ. ಯಾವ ಪ್ರೋಗ್ರಾಮನ್ನೂ ಒಬ್ಬರೇ ಪೂರ್ತಿ ಬರೆಯುವುದಿಲ್ಲ. ಫೋನ್ ಹಚ್ಚುವ ಕೆಲಸ ಒಂದು ಪ್ಯಾಕೇಜಿನದು, ದನಿ ಪೋಣಿಸುವುದು ಇನ್ನೊಂದರದು. ಎಲ್ಲೋ ಇರುವ ಯಾರೋ ಅವನ್ನು ಬರೆದು ಲೋಕಕ್ಕೆ ಬಿಟ್ಟಿರುತ್ತಾರೆ, ನಾವು ಎರವಲು ತಂದು ಅದರ ಮೇಲೆ ಆತು ನಿಲ್ಲುತ್ತೇವೆ. ಅವರು ತಮ್ಮದನ್ನು ಬದಲಿಸಿದಾಗ ಆವೃತ್ತಿಯ ನಂಬರು ಏರುತ್ತದೆ. ಕೊನೆಯ ಅಂಕಿ ಏರಿದರೆ ಸಣ್ಣ ರಿಪೇರಿ, ಹೆದರಬೇಕಾಗಿಲ್ಲ. ಎಲ್ಲಕ್ಕಿಂತ ಮೊದಲಿನ ಅಂಕಿ ಏರಿತೆಂದರೆ ಮಾತ್ರ ಎಚ್ಚರ: ನಿನ್ನೆಯವರೆಗೆ ನಡೆದದ್ದು ನಾಳೆ ನಡೆಯಲಿಕ್ಕಿಲ್ಲ ಎಂದು ಅವರು ಒಪ್ಪಿಕೊಂಡಂತೆ. ಆ ಹಬ್ಬದ ದಿನ ಏರಿದ್ದು ಆ ಮೊದಲಿನ ಅಂಕಿ. ಮಾಲೆಯ ಚೆಂಡು ಹೂವಿನ ಮರೆಯಲ್ಲಿ ಅದನ್ನು ನಾವು ಯಾರೂ ನೋಡಲಿಲ್ಲ.

ಪ್ರತಿ ವರ್ಷದ ಹಾಗೆ ದಸರೆಯ ಮರುದಿನ ಪ್ರೋಗ್ರಾಮು ಎಲ್ಲರಿಗೂ ಫೋನ್ ಮಾಡಿತು ಎಂದುಕೊಂಡೆವು. ಎಲ್ಲ ಹೆಸರಿನ ಮುಂದೂ ಹಸಿರು ಗುರುತು ಬಿದ್ದಿತ್ತು. ಶುಕ್ರವಾರ ಕಾಸಾರಶಿರಸಿಯಲ್ಲಿ ಶಿಬಿರ. ಬುಧವಾರ ಬೆಳಗ್ಗೆ ಲಕ್ಕವ್ವ ಕಂಬಳಿ ಹೆಗಲಿಗೆ ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದಳು. “ಅಣ್ಣಾ, ಈ ಸರ್ತಿ ಅತ್ತಿ ಯಾಕ್ ಫೋನ್ ಮಾಡ್ಲಿಲ್ಲ? ಸಿಟ್ಟಾಗ್ಯಾಳೇನ್?” ನಾನು ಪರದೆ ತೋರಿಸಿದೆ. ಅವಳು ತನ್ನ ಫೋನ್ ತೋರಿಸಿದಳು. ನಮ್ಮಲ್ಲಿ ಹಸಿರು, ಅವಳಲ್ಲಿ ಏನೂ ಇಲ್ಲ. ಅವಳು ಒಬ್ಬಳೇ ಅಲ್ಲ, ಅವಳ ಜೊತೆಯ ಯಾವ ಹಿಂಡಿಗೂ ಸುದ್ದಿ ಮುಟ್ಟಿರಲಿಲ್ಲ.

ಲಕ್ಕವ್ವನ ವಿಷಯ ನಿನಗೆ ಗೊತ್ತಿಲ್ಲದ್ದೂ ಒಂದಿದೆ. ನೀನು ಹೋದ ಮರುವರ್ಷ ಅವಳು ಫೋನ್ ಕಳೆದುಕೊಂಡು ಶಿಬಿರ ತಪ್ಪಿಸಿಕೊಂಡಳು. ಆ ಹಂಗಾಮಿನಲ್ಲಿ ಹಿರೇಬೇನೆ ಅವಳ ಅರ್ಧ ಹಿಂಡನ್ನು ಒಯ್ದಿತು. ಉಳಿದ ಕುರಿಗಳಿಂದ, ಎರಡು ವರ್ಷ ಮರಿ ಮಾರದೆ, ಹಿಂಡನ್ನು ಮತ್ತೆ ಕಟ್ಟಿದ್ದಳು. ಈ ವರ್ಷದ ಮರಿಗಳಿಗೆ ಇನ್ನೂ ಲಸಿಕೆ ಬಿದ್ದಿರಲಿಲ್ಲ. ದೀಪಾವಳಿಗೆ ಹಿಂಡು ನದಿಯ ಕಡೆ ಹೊರಡುತ್ತದೆ, ಅಲ್ಲಿ ಹತ್ತು ಊರಿನ ಕುರಿಗಳು ಒಂದೇ ಹೊಲದಲ್ಲಿ ತಂಗುತ್ತವೆ. “ನೀನಂತೂ ಶುಕ್ರವಾರ ಬಾ” ಎಂದೆ. “ನಾ ಒಬ್ಬಾಕಿ ಬಂದ್ರ ಏನ್ ಆಗ್ತದಣ್ಣಾ? ಒಮ್ಮಿ ಕಲಸಿದ್ ಔಷಧ ಅವತ್ತೇ ಮುಗಿಬೇಕಂತ. ನಾಕ್ ಹಿಂಡ್ ಕೂಡ್ಲಿಲ್ಲಂದ್ರ ಡಾಕ್ಟರ್ ಬಾಟ್ಲಿ ಬಾಯೇ ತೆಗಿಯಂಗಿಲ್ಲ” ಎಂದಳು. ಹೌದಲ್ಲವೇ? ಅವಳ ಮರಿಗಳು ಬದುಕಬೇಕಾದರೆ ಉಳಿದವರೂ ಬರಬೇಕು. ಉಳಿದವರು ಬರಬೇಕಾದರೆ ನೀನು ಕರೆಯಬೇಕು.

ನನ್ನ ಸಿಟ್ಟು ನಿನಗೆ ಗೊತ್ತು. ಮೊದಲು ಸಂಗೀತಾಳ ಮೇಲೆ ಹಾಯ್ದೆ. ಆಮೇಲೆ ಫೋನ್ ಹಚ್ಚುವ ಆ ಪ್ಯಾಕೇಜು ಬರೆದ, ಎಲ್ಲಿಯವನೋ ಯಾರೋ, ಅವನ ಮೇಲೆ. ಹಳೆಯದರಲ್ಲಿ ಒಂದು ಆಜ್ಞೆ ಕೊಟ್ಟರೆ ಫೋನ್ ಹೋಗುತ್ತಿತ್ತು. ಹೊಸದರಲ್ಲಿ ಅದೇ ಆಜ್ಞೆಗೆ ಫೋನುಗಳೆಲ್ಲ ಸಾಲಿನಲ್ಲಿ ನಿಲ್ಲುತ್ತವೆ ಅಷ್ಟೆ. ಹೊರಡಿಸಲು ಇನ್ನೊಂದು ಆಜ್ಞೆ ಬೇಕು. ಅದನ್ನು ಕೊಡದಿದ್ದರೆ ತಪ್ಪಾಯಿತೆಂದು ಚೀರುವುದೂ ಇಲ್ಲ, ಕೆಂಪು ತೋರಿಸುವುದೂ ಇಲ್ಲ. ಹಸಿರು! ಊರು ಬಿದ್ದ ಮೇಲೂ ನಕ್ಷೆಯಲ್ಲಿ ಊರು ಇದ್ದ ಹಾಗೆ. ಭೂಕಂಪದ ಕಾಲದಿಂದ ನೋಡುತ್ತ ಬಂದಿದ್ದೇನೆ, ಎಲ್ಲೋ ಕುಳಿತವರು ಗೆರೆ ಬದಲಿಸುತ್ತಾರೆ, ಇಲ್ಲಿ ಯಾರದೋ ದಾರಿ ಹೋಗುತ್ತದೆ. ಅವನಿಗೆ ಒಂದು ಉದ್ದದ ಬೈಗುಳದ ಪತ್ರವನ್ನೇ ಬರೆಯತೊಡಗಿದೆ. ಹಳೆಯ ಆವೃತ್ತಿಗೆ ಮರಳಿ ನೋಡೋಣವೆಂದು ಅದನ್ನೂ ಹಾಕಿ ನೋಡಿದೆವು. ಅದು ತಕ್ಷಣ ನಿಂತಿತು: ಆ ತಿಂಗಳಿನಿಂದ, ನಮ್ಮ ಕರೆಗಳನ್ನು ಸಾಗಿಸುವ ಫೋನ್ ಸೇವೆಯವರು ಹಳೆಯ ಆವೃತ್ತಿಗೆ ಬಾಗಿಲು ಹಾಕಿದ್ದಾರೆ ಎಂದು.

“ಅಂದ್ರ ನಾ ಅಪ್‌ಡೇಟ್ ಮಾಡ್ಲಿಲ್ಲಂದ್ರೂ ಬಂದ್ ಆಗ್ತಿತ್ತು!” ಸಂಗೀತಾಳಿಗೆ ಸಂಭ್ರಮ. “ನನಗ್ ಬೈದದ್ದ್ ವಾಪಸ್ ತೊಗೋರಿ ಸರ್. ಚಹಾನೂ ನೀವೇ ತರಸ್ರಿ.” ತರಿಸಿದೆ. ಆದರೆ ಬಾಗಿಲು ಹಾಕುವ ಮೊದಲು ಒಂದು ಮಾತು ಹೇಳಬಾರದಿತ್ತೇ ಎಂದು ನಾನು ಇನ್ನೂ ಗುಡುಗುತ್ತಿದ್ದೆ. ಅವಳು ಚಹಾ ಕುಡಿಯುತ್ತ ಏನನ್ನೋ ಹುಡುಕುತ್ತಿದ್ದಳು. ಒಮ್ಮೆಲೆ ಲೋಟ ಕೆಳಗಿಟ್ಟಳು. ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಅದು ನಿನ್ನ ಮೇಲ್ ಪೆಟ್ಟಿಗೆ ಅಕ್ಕಾ, ನೀನು ಹೋದ ಮೇಲೆ ಯಾರೂ ತೆರೆಯದಿದ್ದದ್ದು. ಫೋನ್ ಸೇವೆಯವರು ಒಂದು ವರ್ಷದಿಂದ ಬರೆಯುತ್ತಲೇ ಇದ್ದರು, ಬದಲಾಗುತ್ತದೆ, ಸಿದ್ಧರಾಗಿ, ಎಂದು. ಪ್ಯಾಕೇಜಿನವನ ಬದಲಾವಣೆಯ ಟಿಪ್ಪಣಿಯೂ ಅಲ್ಲಿ ಬಂದಿತ್ತು, ಆ ಎರಡನೆಯ ಆಜ್ಞೆಯ ಸಮೇತ. ಅವರು ಹೇಳಿದ್ದರು. ಹೇಳಿದ್ದು ನಿನಗೆ.

ಬೈಗುಳದ ಪತ್ರವನ್ನು ಅಳಿಸಿದೆ. ಹೇಳಿ ಬದಲಿಸುವುದು ಬದಲಿಸುವವರ ಧರ್ಮ ಎಂದು ನಾನು ಊರಿಗೆಲ್ಲ ಭಾಷಣ ಮಾಡಿದ್ದೆ. ಕೇಳಿಸಿಕೊಳ್ಳುವ ಕಿವಿಯೊಂದನ್ನು ಮನೆಯಲ್ಲಿ ಇಡುವುದು ಯಾರ ಧರ್ಮ? ಸತ್ತವರ ಹೆಸರಿಗೆ ಕಾಗದ ಬಂದರೆ ಊರಿನಲ್ಲಿ ಯಾರಾದರೂ ಒಡೆದು ಓದುತ್ತಾರೆ, ನಾವು ಇಲ್ಲಿ ಅಷ್ಟನ್ನೂ...

ಅಷ್ಟರಲ್ಲಿ ಸಂಗೀತಾ ಕೈಯಿಂದಲೇ ಒಬ್ಬೊಬ್ಬರಿಗೆ ಫೋನ್ ಹಚ್ಚತೊಡಗಿದ್ದಳು. ಅರ್ಧ ಜನ ಗುಡ್ಡದಲ್ಲಿ, ರೇಂಜ್ ಇಲ್ಲ. ಪ್ರೋಗ್ರಾಮಾದರೆ ಸಿಗುವ ತನಕ ಬಿಡದೆ ಹಚ್ಚುತ್ತಿತ್ತು. ಸಿಕ್ಕ ಮೊದಲನೆಯವನು ಅವಳ ಮರಾಠಿ ಧಾಟಿ ಕೇಳಿದ್ದೇ, “ಓಟಿಪಿ ಹೇಳಂಗಿಲ್ಲ ಬಾಯಿ, ಬ್ಯಾರೆ ಮನಿ ನೋಡ್” ಎಂದು ಇಟ್ಟುಬಿಟ್ಟ. ನಾನು ಮಾಡಿದರೆ, “ಯಾರ್‍ರೀ, ಬ್ಯಾಂಕಿನವ್ರಾ? ಬೈದಂಗ ಮಾತಾಡ್ತೀರಿ” ಎಂದರು. ಲಕ್ಕವ್ವ ನಗು ತಡೆಯಲಾರದೆ ಫೋನ್ ಕಸಿದುಕೊಂಡಳು. “ಏ ಬಾಳ್ಯಾ, ನಾ...” ಅಷ್ಟೇ ಅಂದದ್ದು. ಆ ಕಡೆಯವನು, “ಮಾಳಕ್ಕಾ! ಯಾಕ್ ತಡಾ ಮಾಡ್ದಿ ಈ ಸರ್ತಿ?” ಎಂದ. ಲಕ್ಕವ್ವನ ದನಿ ನಿನ್ನದರ ಹಾಗೇ ಇದೆ ಎಂದು ಇಷ್ಟು ವರ್ಷ ನನ್ನ ಕಿವಿಗೆ ಹೇಗೆ ಬೀಳಲಿಲ್ಲ?

ಅವಳು ತನ್ನ ಬಳಗಕ್ಕೆ ಫೋನ್ ಮಾಡುತ್ತ ಕುಳಿತಳು, ನಾನು ಕಂಪ್ಯೂಟರಿನ ಮುಂದೆ ಕುಳಿತೆ. ಹೊಸ ರೀತಿಗೆ ಪ್ರೋಗ್ರಾಮನ್ನೆಲ್ಲ ತಿದ್ದುವುದೆಂದರೆ ವಾರಗಟ್ಟಲೆ ಕೆಲಸ. ಫೋನ್ ಹಚ್ಚುವ ಆಜ್ಞೆಯನ್ನು ನೀನು ನೂರು ಕಡೆ ಬಳಸಿದ್ದೀಯೆ. ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗುತ್ತಿತ್ತು. ಆಗ ಬಸ್ಸಿನ ಆ ನಗು ನೆನಪಾಯಿತು. ಹಳೆಯ ಹೋತ ಸತ್ತಿದೆ, ಗಂಟೆ ಇದೆ. ಗಂಟೆಯನ್ನು ಬಿಚ್ಚಿ ಹೊಸದಕ್ಕೆ ಕಟ್ಟಿದರೆ? ನಿನ್ನ ಪ್ರೋಗ್ರಾಮಿಗೂ ಹೊಸ ಪ್ಯಾಕೇಜಿಗೂ ನಡುವೆ ಒಂದು ತೆಳುವಾದ ಪದರ ಬರೆದೆ. ನಿನ್ನ ಪ್ರೋಗ್ರಾಮು ಅದಕ್ಕೆ ಹಳೆಯ ಆಜ್ಞೆಯನ್ನೇ ಹಳೆಯ ಹೆಸರಿನಲ್ಲೇ ಕೊಡುತ್ತದೆ. ಅದು ಒಳಗಡೆ ಹೊಸದಕ್ಕೆ ಎರಡೂ ಆಜ್ಞೆ ಕೊಡುತ್ತದೆ, ಫೋನ್ ನಿಜವಾಗಿ ಹೋಯಿತೇ ಎಂದು ಕೇಳಿ, ಹೋಗಿದ್ದರೆ ಮಾತ್ರ ಹಸಿರು ತೋರಿಸುತ್ತದೆ. ನೀನು ಬರೆದ ಒಂದು ಸಾಲನ್ನೂ ಮುಟ್ಟಬೇಕಾಗಲಿಲ್ಲ. ಇಡೀ ಪದರ ಒಂದು ಪುಟವೂ ಆಗಲಿಲ್ಲ ಅಕ್ಕಾ. ಮೊದಲು ನಮ್ಮ ಮೂರು ಫೋನಿಗೆ ಮಾತ್ರ ಕಳಿಸಿ ನೋಡಿದೆವು.

ಲಕ್ಕವ್ವನ ಮಡಿಲಲ್ಲಿದ್ದ ಫೋನ್ ಬಾರಿಸಿತು. ಅವಳು ಸ್ಪೀಕರ್ ಹಚ್ಚಿದಳು. “ನಮಸ್ಕಾರ್ರೀ, ನಾ ಮಾಳಕ್ಕ ಮಾತಾಡ್ಲಿಕತ್ತೀನಿ...” ಕೆಮ್ಮು ಬಂತು, ಶುಕ್ರವಾರ ಬಂತು. ಸಂಗೀತಾ ಎರಡೂ ಕೈ ಜೋಡಿಸಿ ಕಂಪ್ಯೂಟರಿಗೆ ನಮಸ್ಕಾರ ಮಾಡಿದಳು, ಬಾಡಿದ ಚೆಂಡು ಹೂವಿನ ಮಾಲೆ ಇನ್ನೂ ಅದರ ಮೇಲಿತ್ತು. ಲಕ್ಕವ್ವ ಮಾತ್ರ ಫೋನಿಗೇ ಉತ್ತರ ಕೊಟ್ಟಳು: “ಹೂಂ ಅತ್ತಿ, ಬರ್ತೀವಿ. ಕೆಮ್ಮಿಗ್ ಏನರೆ ತೊಗೋ.”

ಆಮೇಲೆ ಎಲ್ಲರಿಗೂ ಫೋನ್ ಬಿಟ್ಟೆವು. ಶುಕ್ರವಾರ ಕಾಸಾರಶಿರಸಿಯ ಮಾಳದಲ್ಲಿ ನಾನೂ ಇದ್ದೆ. ಒಂದೊಂದೇ ಗಂಟೆಯ ಸದ್ದು ದೂರದಿಂದ ಕೇಳತೊಡಗಿತು, ಬೇರೆ ಬೇರೆ ದಿಕ್ಕಿನಿಂದ. ಧೂಳು ಕಂಡದ್ದು ಆಮೇಲೆ. ಪಶು ಡಾಕ್ಟರು ಮೊದಲ ಬಾಟಲಿಯ ಬಾಯಿ ತೆಗೆದರು, ಆಮೇಲೆ ಇನ್ನೊಂದು, ಮತ್ತೊಂದು. ಮಧ್ಯಾಹ್ನದ ಹೊತ್ತಿಗೆ ಐಸಿನ ಡಬ್ಬಿ ಖಾಲಿಯಾಗಿ, ನಿಲಂಗಾದಿಂದ ಮತ್ತೊಂದು ತರಿಸಬೇಕಾಯಿತು. ಲಕ್ಕವ್ವ ಮರಿಗಳನ್ನು ಒಂದೊಂದಾಗಿ ತೊಡೆಯ ನಡುವೆ ಹಿಡಿದು ಕೊಡುತ್ತಿದ್ದಳು. “ಅಣ್ಣಾ, ಸುಮ್ಮ ನಿಂತ್ ನೋಡ್ತಿ ಏನ್? ಕಾಲ್ ಹಿಡಿ” ಎಂದಳು. ನನಗೆ ಸರಿಯಾಗಿ ಒದೆ ಬಿತ್ತು. ನಿನ್ನ ಬೆರಳುಗಳ ಬೆಲೆ ಅಂದು ತಿಳಿಯಿತು.

ಈಗ ನಮ್ಮ ಕೋಣೆಯಲ್ಲಿ ಕೆಲವು ಹೊಸ ರೂಢಿಗಳಾಗಿವೆ, ಕೇಳು. ಯಾವ ಪ್ಯಾಕೇಜಿನ ಯಾವ ಆವೃತ್ತಿ ಎಂದು ಬಿಗಿದು ಕಟ್ಟಿಟ್ಟಿದ್ದೇವೆ, ತಾನಾಗಿ ಏನೂ ಏರುವುದಿಲ್ಲ. ಆದರೆ ಬಿಗಿದು ಕಟ್ಟಿ ಮಲಗಿದರೆ ಮತ್ತೆ ಒಂದು ದಿನ ಬಾಗಿಲು ಮುಚ್ಚಿರುತ್ತದಲ್ಲ? ಅದಕ್ಕೆ ಪ್ರತಿ ಅಮಾವಾಸ್ಯೆಗೆ ಸಂಗೀತಾ ಬದಲಾವಣೆಯ ಟಿಪ್ಪಣಿಗಳನ್ನು ಓದುತ್ತಾಳೆ, ಹೊಸದನ್ನು ಮೊದಲು ಹಳೆಯ ಕಂಪ್ಯೂಟರಿನಲ್ಲಿ ಹಾಕಿ, ನಮ್ಮ ಮೂರು ಫೋನು ಬಾರಿಸಿದರೆ ಮಾತ್ರ ಮುಂದುವರಿಯುತ್ತೇವೆ. ಪತ್ರಗಳು ಈಗ ಮೂವರ ಹೆಸರಿಗೆ ಬರುತ್ತವೆ. ಖಂಡೇನವಮಿಗೆ ಕುಂಕುಮ ಉಂಟು, ಅಪ್‌ಡೇಟ್ ಇಲ್ಲ. ಆ ಪ್ಯಾಕೇಜಿನವನಿಗೂ ಬರೆದೆ, ಬೈದಲ್ಲ. ಎರಡನೆಯ ಆಜ್ಞೆ ಮರೆತರೆ ಸುಮ್ಮನಿರಬೇಡ, ಕೂಗಿ ಹೇಳು ಎಂದು ಕೇಳಿ, ಹೇಗೆಂದು ನಾಲ್ಕು ಸಾಲು ತಿದ್ದಿಯೂ ಕಳಿಸಿದೆ. ಅವನು ಒಪ್ಪಿಕೊಂಡು ಸೇರಿಸಿದ, ವಂದನೆಯನ್ನೂ ಹೇಳಿದ. ಅವನೂ ಒಬ್ಬನೇ, ಸಂಜೆ ಕೆಲಸ ಮುಗಿಸಿ ಬಂದು ಇದನ್ನು ನೋಡಿಕೊಳ್ಳುವವನಂತೆ. ಲೋಕದಲ್ಲಿ ಎಲ್ಲೋ ಯಾರಿಗೋ ಇನ್ನು ಮುಂದೆ ಸುಳ್ಳು ಹಸಿರು ಕಾಣುವುದಿಲ್ಲ. ಅದರಲ್ಲಿ ನಿಲಂಗಾದ್ದೂ ನಾಲ್ಕು ಸಾಲಿದೆ ಎಂದರೆ ನೀನು ನಂಬುತ್ತೀಯಾ?

ನಾನು ಹೇಳಲು ಕುಳಿತ ಮಾತು ಇನ್ನೂ ಉಳಿದಿದೆ. ಹಿಂಡು ನದಿಯ ಕಡೆ ಹೊರಡುವ ಮೊದಲು ಲಕ್ಕವ್ವ ಬಂದು ಹೋದಳು. ಮರಿಗಳೆಲ್ಲ ಚೆನ್ನಾಗಿವೆ. ಹೊಸ ರೋಗಕ್ಕೆ ಹೊಸ ಲಸಿಕೆ ಬಂದಿದೆ, ಹೊಸ ಊರುಗಳಲ್ಲಿ ಶಿಬಿರ ಶುರುವಾಗಿದೆ, ಆ ಹೆಸರುಗಳು ನಿನ್ನ ರೆಕಾರ್ಡಿನಲ್ಲಿ ಇಲ್ಲ. ಅವಳನ್ನು ಕೂಡಿಸಿ ಹೇಳಿಸಿದೆ. ಮೊದಲು ನಾಚಿದಳು, ಆಮೇಲೆ ನಿಲ್ಲಿಸುವುದೇ ಕಷ್ಟವಾಯಿತು. ಈ ವರ್ಷವಿಡೀ ಎರಡೂ ಗಂಟೆ ಜೊತೆಗೆ ನಡೆಯುತ್ತವೆ: ಮೊದಲು ನಿನ್ನ ನಮಸ್ಕಾರ, ಅದರ ಹಿಂದೆ, “ನಾ ಲಕ್ಕವ್ವ, ಮಾಳಕ್ಕನ ಸ್ವಾದರಸೊಸಿ. ಮುಂದಿನ ದಸರಿಯಿಂದ ನಾನೇ ಫೋನ್ ಮಾಡ್ತೀನಿ, ನೆಪ್ಪಿರ್ಲಿ” ಎಂದು ಅವಳ ಮಾತು. ಪ್ರತಿ ಫೋನಿನಲ್ಲೂ ಅದನ್ನು ಹೇಳುತ್ತಿದ್ದೇವೆ, ಕಾಸಾರಶಿರಸಿಯ ಬೀಡಿಯ ಮುದುಕನಿಗೆ ಹೋಗಿ ಬಾಯಿಮಾತಿನಲ್ಲೂ ಹೇಳಿದೆ. “ಹೂಂ, ಆಕೀಗೂ ದಣಿವಾಗಿರ್ಬೇಕು ಬಿಡು” ಎಂದ. ಶುಕ್ರವಾರದ ಕೆಮ್ಮನ್ನು ಮಾತ್ರ ತೆಗೆಯಬೇಡ ಎಂದು ಲಕ್ಕವ್ವ ಹಟ ಹಿಡಿದಿದ್ದಾಳೆ. ಅದು ಇರುತ್ತದೆ.

ಮುಂದಿನ ದಸರೆಗೆ ನಿನ್ನ ಗಂಟೆಯನ್ನು ಬಿಚ್ಚುತ್ತೇವೆ ಅಕ್ಕಾ. ಒಂದು ವರ್ಷ ಮುಂಚೆ ನಿನಗೂ ತಿಳಿಸಬೇಕೆಂದೇ ಈ ಕಾಗದ. ಹೇಳಿ ಬದಲ್ ಮಾಡ್ರಿ ಎಂದವಳಲ್ಲವೇ ನೀನು?

ನಿನ್ನ
ಸಿದ್ಯಾ